ಹೊಟ್ಟೆಗೆ, ಬೆನ್ನಿಗೆ, ಕಣ್ಣಿಗೆ

ಹತ್ತಿಯಕ್ಕನಿಗೆ ಆ ಹೆಸರು ಯಾರು ಇಟ್ಟರೋ, ಇಟ್ಟವರಿಗೇ ನೆನಪಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಷಟರ್ ಎತ್ತಿ, ಹಿಂಜುವ ಯಂತ್ರಕ್ಕೆ ಹತ್ತಿ ಉಣಿಸಲು ಕೂತರೆ, ಹತ್ತು ಗಂಟೆಯ ಹೊತ್ತಿಗೆ ಅವಳ ಹುಬ್ಬು, ರೆಪ್ಪೆ, ಕಿವಿಯ ಹಿಂದುಮುಂದು ಎಲ್ಲ ಬೆಳ್ಳಗಾಗಿರುತ್ತಿತ್ತು. ಐವತ್ತೆಂಟರ ವಯಸ್ಸಿನಲ್ಲಿ ತಲೆ ನರೆತಿದೆಯೋ, ಹತ್ತಿ ಅಂಟಿದೆಯೋ ಎಂದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಈ ಕಸುಬಿನಲ್ಲಿ ಅದೊಂದು ಲಾಭ. ಮೂವತ್ತೈದು ವರ್ಷದಿಂದ ಅವಳು ಹಾಸಿಗೆ ಹೊಲಿಯುತ್ತಿದ್ದಳು. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವನ ಉದ್ದ ಅಗಲ ಅವಳ ಕಣ್ಣಿಗೆ ಸಿಕ್ಕಿರುತ್ತಿತ್ತು. ಆಮೇಲೆ ಟೇಪು ಹಿಡಿಯುವುದೆಲ್ಲ ಅವನ ಸಮಾಧಾನಕ್ಕೆ.

ಇಂಥವಳ ಯಜಮಾನರು, ಲಾರಿಗಳನ್ನು ಸರಕಿನ ಸಮೇತ ತೂಗುವ ಕಟ್ಟೆಯಲ್ಲಿ ಕೂತು, ತೂಕ ಬರೆದು ಬರೆದು ನಿವೃತ್ತರಾದವರು. ಆಳು ಆರಡಿ ಮೂರಿಂಚು, ಮಾತು ಮಾತ್ರ ಮೊಟಕು. ಆಡುವ ನಾಲ್ಕು ಮಾತಿನಲ್ಲಿ ಒಂದು ಗಾದೆ, ಅದೂ ಯಾವಾಗಲೂ ಒಂದೇ ಗಾದೆ. ಕಿಟಕಿಗೆ ಹೊಸ ಪರದೆ ಹಾಕೋಣವೇ ಎಂದರೆ, "ಹಾಸಿಗೆ ಇದ್ದಷ್ಟು ಕಾಲು ಚಾಚು." ಫ್ಯಾನು ಕಿರುಗುಟ್ಟುತ್ತಿದೆ, ಬೇರೆ ತರೋಣವೇ ಎಂದರೆ, "ಹಾಸಿಗೆ ಇದ್ದಷ್ಟು ಕಾಲು ಚಾಚು." ಹಾಸಿಗೆ ಹೊಲಿಯುವವಳಿಗೆ ಹಾಸಿಗೆಯ ಗಾದೆ ಹೇಳುವುದೆಂದರೆ ಮೀನಿನ ಮರಿಗೆ ಈಜು ಕಲಿಸಿದ ಹಾಗೆ. ಆದರೂ ಆ ಮಹಾನುಭಾವರು ಚೂರೂ ಸಂಕೋಚವಿಲ್ಲದೆ ಮೂವತ್ತೈದು ವರ್ಷ ಅದನ್ನೇ ಹೇಳಿದರು. ಅವಳದೂ ಒಂದು ಸಿದ್ಧ ಉತ್ತರವಿತ್ತು: ಸಾಲದಿದ್ದರೆ ಹೇಳಿ, ಒಂದು ತುಂಡು ಸೇರಿಸಿ ಹೊಲಿದುಕೊಡುತ್ತೇನೆ. ಅಲ್ಲಿಗೆ ಮಾತು ಮುಗಿದು ಇಬ್ಬರೂ ಅವರವರ ಕೆಲಸಕ್ಕೆ ಹೋಗುತ್ತಿದ್ದರು. ಪರದೆ ಹಳೆಯದೇ ಉಳಿಯುತ್ತಿತ್ತು.

ಹತ್ತು ವರ್ಷದ ಹಿಂದೆ ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ ರಜೆಗೆ ಬಂದಿದ್ದಾಗ, ಹಳೆಯ ಹಾಸಿಗೆ ಬಿಚ್ಚಿಸಿ ಹೊಸದಾಗಿ ತುಂಬಿಸಲು ಅಂಗಡಿಗೆ ಬಂದ. ಅವತ್ತು ನೆಲದ ತುಂಬ ಹಿಂಜಿದ ಹತ್ತಿ ಮೊಣಕಾಲೆತ್ತರ ಬಿದ್ದಿತ್ತು. ಅವನು ಹೊಸ್ತಿಲಲ್ಲೇ ನಿಂತು, ಚಳಿಯೊಂದಿಲ್ಲ ಅಕ್ಕ, ಇದ್ದಿದ್ದರೆ ಇದು ಹಿಮದ ಬೆಟ್ಟವೇ, ಎಂದ. ಹಡಗು ನಿಂತ ಒಂದು ಊರಿನಲ್ಲಿ, ತಂತಿಗೆ ನೇತುಬಿದ್ದು ಸಾಗುವ ಡಬ್ಬಿಯಲ್ಲಿ ಕೂತು ಅಂಥದೊಂದು ಬೆಟ್ಟದ ತುದಿಗೆ ಹೋಗಿಬಂದಿದ್ದನ್ನು ಬಾಯಿತುಂಬ ಹೇಳಿದ. ಹತ್ತಿಯಕ್ಕ ಕೈಯಲ್ಲಿದ್ದ ದಬ್ಬಣ ಕೆಳಗಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದಳು. ಹಿಮವನ್ನು ಒತ್ತಿದರೆ ಹತ್ತಿಯ ಹಾಗೆ ತಿರುಗಿ ಏಳುತ್ತದೆಯೋ? ಅವನು ತಲೆ ಕೆರೆದುಕೊಂಡು, ಒತ್ತಿ ನೋಡಲಿಲ್ಲವಲ್ಲ ಅಕ್ಕ, ಎಂದ. ಅಷ್ಟು ದೂರ ಹೋಗಿ ಒತ್ತಿ ನೋಡದೆ ಬಂದವನಿಗೆ ಏನು ಹೇಳುವುದು! ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಅವತ್ತೇ ಅವಳ ತಲೆಯಲ್ಲಿ ಹುಳ ಹೊಕ್ಕಿತು. ತಾನೇ ಹೋಗಬೇಕು, ತನ್ನ ಕೈಯಾರೆ ಒತ್ತಿ ನೋಡಬೇಕು.

ಹಳೆಯ ಹಾಸಿಗೆ ಬಿಚ್ಚಿದಾಗ ಗಿರಾಕಿಗಳು ಬೇಡವೆಂದು ಬಿಟ್ಟುಹೋಗುವ ಹತ್ತಿಯನ್ನು ಬಿಸಿಲಿಗೆ ಹರವಿ, ಹಿಂಜಿ, ಅವಳು ಸಣ್ಣ ದಿಂಬುಗಳನ್ನು ಹೊಲಿದು ಮಾರಲು ಶುರುಮಾಡಿದಳು. ಆ ದಿಂಬಿನ ದುಡ್ಡು ಮನೆಗಲ್ಲ, ಬೆಟ್ಟಕ್ಕೆ. ಹತ್ತು ವರ್ಷದಲ್ಲಿ ಎಷ್ಟು ದಿಂಬಾದವೋ, ಊರಿನ ಅರ್ಧದಷ್ಟು ತಲೆಗಳು ಅವಳ ಬೆಟ್ಟದ ಮೇಲೆಯೇ ನಿದ್ದೆ ಮಾಡುತ್ತಿದ್ದವು.

ದುಡ್ಡು ಕೂಡಿದ ಮೇಲೆ ಅವಳು ಹೋಗಿದ್ದು ಎದುರು ಅಂಗಡಿಯ ಜೆರಾಕ್ಸಮ್ಮನ ಹತ್ತಿರ. ಕಾಗದಕ್ಕೆ ನಕಲು ತೆಗೆಯುವುದು, ಅರ್ಜಿ ತುಂಬುವುದು, ಕಂಪ್ಯೂಟರಿನಲ್ಲಿ ಬಸ್ಸು ವಿಮಾನದ ಟಿಕೆಟ್ ಮಾಡಿಸುವುದು, ಜೊತೆಗೆ ಬೀದಿಯ ಸಮಾಚಾರವನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದು ಜೆರಾಕ್ಸಮ್ಮನ ಉದ್ಯೋಗ. ತಾನು ಬಸ್ ನಿಲ್ದಾಣ ದಾಟಿ ಹೋದವಳಲ್ಲವಾದರೂ, ಅಕ್ಕ ಹೋದರೆ ತಾನೇ ಹೋದಂತೆ ಎಂದು ಆಕೆ ಟೊಂಕಕಟ್ಟಿ ನಿಂತಳು. ಇಬ್ಬರೂ ಮೂರು ತಿಂಗಳು ಮಧ್ಯಾಹ್ನದ ಊಟವನ್ನು ಕಂಪ್ಯೂಟರಿನ ಮುಂದೆಯೇ ಮಾಡಿದರು. ಆ ಊರಿನ ನಕ್ಷೆಯನ್ನು ನಾಲ್ಕು ಹಾಳೆಯಲ್ಲಿ ದೊಡ್ಡದಾಗಿ ತೆಗೆದು, ಅಂಟಿಸಿ, ಹಾಸಿಗೆ ಅಂಗಡಿಯ ಗೋಡೆಗೆ ಬಡಿದರು. ಬಂದ ಗಿರಾಕಿಗಳೆಲ್ಲ ಅದರ ಮುಂದೆ ನಿಂತು ಬುದ್ಧಿ ಹೇಳತೊಡಗಿದರು. ವಿಮಾನದಲ್ಲಿ ಕಿವಿ ಮುಚ್ಚಿಕೊಳ್ಳುತ್ತದೆ, ಹತ್ತಿ ಇಟ್ಟುಕೋ ಎಂದು ಒಬ್ಬರು ಹೇಳಿದಾಗ ಜೆರಾಕ್ಸಮ್ಮ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಅಕ್ಕನ ಕಿವಿಯಲ್ಲಿ ಹತ್ತಿ ಇಲ್ಲದ ದಿನವೇ ಇರಲಿಲ್ಲವಲ್ಲ.

ಖರ್ಚಿನ ಲೆಕ್ಕವನ್ನು ಹತ್ತಿಯಕ್ಕ ಪುಸ್ತಕದಲ್ಲಿ ಬರೆಯಲಿಲ್ಲ, ಹೊಲಿದಳು. ಪಟ್ಟೆಪಟ್ಟೆಯ ಹಾಸಿಗೆ ಬಟ್ಟೆಯಲ್ಲಿ ಮೂರು ಚೀಲ ಮಾಡಿದಳು. ಒಂದು ಹೊಟ್ಟೆಗೆ, ಒಂದು ಬೆನ್ನಿಗೆ, ಒಂದು ಕಣ್ಣಿಗೆ. ಊಟ ತಿಂಡಿಗೆಲ್ಲ ಹೊಟ್ಟೆಯ ಚೀಲ. ತಂಗುವ ಕೋಣೆಗೆ ಬೆನ್ನಿನ ಚೀಲ. ನೋಡುವುದಕ್ಕೆ, ಅಂದರೆ ಬೆಟ್ಟಕ್ಕೆ ಹೋಗುವ ಬಸ್ಸಿಗೆ ಮತ್ತು ತಂತಿ ಡಬ್ಬಿಗೆ, ಕಣ್ಣಿನ ಚೀಲ. ಒಂದರ ದುಡ್ಡು ಇನ್ನೊಂದಕ್ಕೆ ಹೋಗಕೂಡದು ಎಂಬುದು ಕಟ್ಟುನಿಟ್ಟು. ವಿಮಾನ, ರೈಲಿನ ಟಿಕೆಟ್ಟಿಗೆ ಹೋಗಿ ಉಳಿದ ದುಡ್ಡಿಗೆ ಆ ದೇಶದ ಕೆಂಪು ನೋಟು ಇಪ್ಪತ್ತೊಂದು ಸಿಕ್ಕಿದ್ದವು. ಆರು ದಿನದ ಹೊಟ್ಟೆಗೆ ಆರು ಎಂದು ತೆಗೆದಿಟ್ಟಳು. ಉಳಿದ ಹದಿನೈದರಲ್ಲಿ ಬೆನ್ನೂ ಕಣ್ಣೂ ಏಗಬೇಕು. ತಂತಿ ಡಬ್ಬಿಗೆ ತಲೆಗೆ ನಾಲ್ಕು, ಬಸ್ಸಿಗೆ ಹೋಗಿಬರಲು ತಲೆಗೆ ಒಂದು. ಇಬ್ಬರಿಗೆ ಹತ್ತಾಯಿತು. ಹಾಗಾದರೆ ಐದು ರಾತ್ರಿಗೆ ಬೆನ್ನಿಗೆ ಉಳಿಯುವುದು ಐದೇ. ಯಾವ ಹೋಟೆಲು ನೋಡಿದರೂ ಮೂರು ಎನ್ನುತ್ತದೆ, ನಾಲ್ಕು ಎನ್ನುತ್ತದೆ. ಹತ್ತಿಯಕ್ಕನಿಗೆ ಒಂದು ವಾರ ಅನ್ನ ಸೇರಲಿಲ್ಲ.

ಒಂದು ಮಧ್ಯಾಹ್ನ ಜೆರಾಕ್ಸಮ್ಮ ರಸ್ತೆ ದಾಟಿ ಓಡಿಬಂದಳು. ಒಂದು ವಸತಿಗೃಹ ಸಿಕ್ಕಿದೆ, ಪಟ್ಟಣದ ನಡುಮಧ್ಯೆ, ಚೊಕ್ಕಟವಾಗಿದೆ, ರಾತ್ರಿಗೆ ಒಂದೇ ನೋಟು.

"ಬೆಡ್ಡಿಗೆ ಒಂದು ಅಂತ ಬರೆದಿದ್ದಾರೆ ಅಕ್ಕ. ಎಷ್ಟು ಬೆಡ್ ಹೇಳಲಿ?"

"ಎಷ್ಟು ಅಂದ್ರೇನೇ? ನಾವೇನು ಜಗಳ ಆಡಿದ್ದೀವಾ? ಒಂದು."

ಮೂವತ್ತೈದು ವರ್ಷದಲ್ಲಿ ಹತ್ತಿಯಕ್ಕ ಹಾಸಿಗೆಗೆ ಬೆಲೆ ಹೇಳಿದ್ದಳೇ ಹೊರತು, ಅದರ ಮೇಲೆ ಎಷ್ಟು ಜನ ಮಲಗುತ್ತಾರೆ ಎಂದು ಯಾರನ್ನೂ ಕೇಳಿರಲಿಲ್ಲ. ಒಂದು ಹಾಸಿಗೆ ಎಂದರೆ ಒಂದು ಹಾಸಿಗೆ. ಗಂಡಹೆಂಡತಿ ಮಲಗಲಿ, ನಡುವೆ ಎರಡು ಮಕ್ಕಳನ್ನು ಹಾಕಿಕೊಳ್ಳಲಿ, ಬೆಲೆ ಬದಲಾಗುತ್ತದೆಯೇ? ಅವಳು ಅವತ್ತೇ ಬೆನ್ನಿನ ಚೀಲಕ್ಕೆ ಐದು, ಕಣ್ಣಿನ ಚೀಲಕ್ಕೆ ಹತ್ತು ಹಾಕಿ, ಬಾಯಿಗೆ ಗುಂಡಿ ಹೊಲಿದು ಮುಚ್ಚಿದಳು. ಆ ಸಂಜೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇನ್ನು ಯಜಮಾನರನ್ನು ಹೊರಡಿಸುವುದು. ಅವರಿಗೆ ಬೇರೆ ಕಡೆ ಮಲಗಿದರೆ ನಿದ್ದೆ ಬರುವುದಿಲ್ಲ. ಮಗಳ ಮನೆಗೆ ಹೋದರೂ ಬೆಳಗಾಗುವುದರೊಳಗೆ ಸೊಂಟ ಹಿಡಿದುಕೊಂಡು ವಾಪಸ್ಸು ಹೊರಡುತ್ತಿದ್ದರು. ಹೆಂಡತಿ ಹೊಲಿದ ಹಾಸಿಗೆಯೇ ಬೇಕಂತೆ ಎಂದು ನೆಂಟರು ಛೇಡಿಸುತ್ತಿದ್ದರು. ನಾನು ಬರುವುದಿಲ್ಲ ಎಂದು ಅವರು ಹದಿನೈದು ದಿನ ಅಂದರು. ಹಾಗಿದ್ದರೆ ಜೆರಾಕ್ಸಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹತ್ತಿಯಕ್ಕ ಅಂದ ಮೇಲೆ, ಹದಿನಾರನೆಯ ದಿನ ಒಂದು ಒಪ್ಪಂದವಾಯಿತು. ಲೆಕ್ಕವೆಲ್ಲ ಅವಳದು, ಅವರು ಬಾಯಿ ಹಾಕುವುದಿಲ್ಲ. ಮೂರು ಚೀಲದೊಳಗೇ ಇಬ್ಬರನ್ನೂ ಹಿಮದ ಮೇಲೆ ನಿಲ್ಲಿಸಿದರೆ, ಅವರು ಜನ್ಮದಲ್ಲಿ ಆ ಗಾದೆ ಎತ್ತಕೂಡದು. ಲೆಕ್ಕ ತಪ್ಪಿದರೆ, ಅವಳು ಜನ್ಮವಿಡೀ ಅದನ್ನು ಕೇಳಬೇಕು, ಎದುರುತ್ತರ ಕೊಡಕೂಡದು.

"ಆಯ್ತು," ಎಂದರು ಯಜಮಾನರು. ತಮ್ಮ ಸ್ವಂತದ್ದೊಂದು ದೊಡ್ಡ ನೋಟು, ಐದು ಕೆಂಪು ನೋಟಿಗೆ ಸಮನಾದ ಹಸಿರು ನೋಟು, ಎಡಗಾಲಿನ ಕಾಲುಚೀಲದೊಳಗೆ ಇರುತ್ತದೆ ಎಂದೂ, ಅದು ಆಪತ್ತಿಗೆ ಎಂದೂ, ಆಪತ್ತು ಎಂದರೆ ಆಸ್ಪತ್ರೆ, ಬೇರೇನೂ ಅಲ್ಲವೆಂದೂ, ಯಾರೂ ಅದರ ಸುದ್ದಿ ಎತ್ತಬಾರದೆಂದೂ ಹೇಳಿದರು. ಅಷ್ಟು ಮಾತನ್ನು ಅವರು ಒಂದೇ ಉಸಿರಿಗೆ ಆಡಿದ್ದು ಅದೇ ಮೊದಲು.

ವಿಮಾನದಲ್ಲಿ ಹತ್ತಿಯಕ್ಕ ಕಿಟಕಿಯಿಂದ ಮೂಗು ತೆಗೆಯಲಿಲ್ಲ. ಕೆಳಗೆ ಮೋಡಗಳು ಹರವಿಕೊಂಡಿದ್ದವು. ಇದನ್ನು ಎರಡು ಸಲ ಹಿಂಜಿದ್ದಾರೆ ಕಣ್ರೀ, ಒಂದು ಗಂಟೂ ಇಲ್ಲ, ಎಂದು ಯಜಮಾನರ ಮೊಣಕೈ ತಿವಿದಳು. ಅವರ ಮೊಣಕಾಲು ಮುಂದಿನ ಕುರ್ಚಿಗೆ ಒತ್ತಿಕೊಂಡಿತ್ತು, ಅವರಿಗೆ ಮೋಡ ಬೇಕಿರಲಿಲ್ಲ. ವಿಮಾನ ಇಳಿದು, ರೈಲು ಹತ್ತಿ, ನಕ್ಷೆ ಹಿಡಿದು ನಡೆದು, ಮಧ್ಯಾಹ್ನ ಹನ್ನೆರಡಕ್ಕೆ ವಸತಿಗೃಹದ ಬಾಗಿಲಿಗೆ ಬಂದಾಗ ಅವಳಿಗೆ ಕುಣಿಯಬೇಕೆನಿಸಿತು. ಗೋಡೆಯ ನಕ್ಷೆಯಲ್ಲಿ ತಾನು ಬೆರಳಿಟ್ಟ ಬೀದಿ, ಇಲ್ಲಿ ಕಲ್ಲು ಹಾಸಿಕೊಂಡು, ಸೈಕಲ್ ಗಂಟೆ ಬಾರಿಸಿಕೊಂಡು, ನಿಜವಾಗಿ ಇದೆ. ದೂರದಲ್ಲಿ, ಮನೆಗಳ ಮಾಡಿನ ಹಿಂದೆ, ಬೆಳ್ಳಗೆ ಬೆಟ್ಟವೂ ಇದೆ.

ಮೇಜಿನ ಹಿಂದಿದ್ದ ಹೆಂಗಸು ಕಾಗದ ನೋಡಿದಳು, ಇಬ್ಬರನ್ನೂ ನೋಡಿದಳು, ಒಂದು ಬೆರಳು ಎತ್ತಿದಳು. ಹತ್ತಿಯಕ್ಕನೂ ಸಂತೋಷದಿಂದ ಒಂದು ಬೆರಳು ಎತ್ತಿದಳು. ಆ ಹೆಂಗಸು ಅಡ್ಡಡ್ಡ ತಲೆ ಆಡಿಸಿ, ಎದ್ದು ಬಂದು, ಕೋಣೆಯ ಬಾಗಿಲು ತೆರೆದು ತೋರಿಸಿದಳು. ಒಂದರ ಮೇಲೊಂದು ಏರಿಸಿದ ಕಬ್ಬಿಣದ ಮಂಚಗಳು. ಒಂದೊಂದೂ ಎರಡೂವರೆ ಅಡಿ ಅಗಲ. ಒಂದು ತಲೆಗೆ ಒಂದು ಹಾಸಿಗೆ, ಎರಡು ತಲೆಗೆ ಎರಡು, ಎಂದು ಕೈಸನ್ನೆಯಲ್ಲೇ ಪಾಠ ಮಾಡಿದಳು. ನಾವು ಗಂಡಹೆಂಡತಿ ಎಂದು ಹತ್ತಿಯಕ್ಕ ತನ್ನದೇ ಭಾಷೆಯಲ್ಲಿ ಎಷ್ಟು ಹೇಳಿದರೂ, ಆಯಮ್ಮ ನಗುನಗುತ್ತಲೇ ಎರಡು ಬೆರಳು ತೋರಿಸಿದಳು.

ಹತ್ತಿಯಕ್ಕ ಅಲ್ಲೇ ಬಾಗಿಲಿನ ಬೆಂಚಿನ ಮೇಲೆ ಕೂತು, ಕಣ್ಣಿನ ಚೀಲದ ಗುಂಡಿ ಬಿಚ್ಚಿ, ಐದು ಕೆಂಪು ನೋಟು ತೆಗೆದು ಬೆನ್ನಿಗೆ ಹಾಕಿದಳು. ಕಣ್ಣಿಗೆ ಉಳಿದದ್ದು ಐದು. ಹೊಟ್ಟೆಯಿಂದ ಒಂದು ಕಿತ್ತರೆ ಆರು. ಇಬ್ಬರ ಬಸ್ಸಿಗೆ ಎರಡು, ತಂತಿ ಡಬ್ಬಿಗೆ ನಾಲ್ಕು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೂರು ತಿಂಗಳು ಕೂತು ಹೊಲಿದ ಲೆಕ್ಕ ಒಂದು ಬೆರಳಿಗೆ ಹರಿದುಹೋಗಿತ್ತು. ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಹಾಸಿಗೆ ಹೊಲಿಯುವವಳೇ ಹಾಸಿಗೆಯ ಲೆಕ್ಕ ತಪ್ಪಿದ್ದಳು.

ಯಜಮಾನರು ಎಲ್ಲವನ್ನೂ ನೋಡಿದರು, ಒಪ್ಪಂದದ ಪ್ರಕಾರ ಬಾಯಿ ತೆರೆದರು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ."

ಎದುರುತ್ತರ ಕೊಡುವ ಹಾಗಿರಲಿಲ್ಲ. ಅವಳು ತಲೆ ತಗ್ಗಿಸಿ ಕೂತಳು. ಅವರು ಗೆದ್ದ ಗತ್ತಿನಲ್ಲಿ ಕೋಣೆಗೆ ಹೋಗಿ, ಕೆಳಗಿನ ಮಂಚದ ಮೇಲೆ ದೊಪ್ಪನೆ ಬಿದ್ದು, ಪ್ರಯಾಣದ ದಣಿವಿಗೆ ಒಂದು ಸಲ ಮೈಮುರಿದು ಕಾಲು ಚಾಚಿದರು.

ಠಣ್.

ಎರಡೂ ಹೆಬ್ಬೆರಳು ಕಬ್ಬಿಣದ ಸರಳಿಗೆ ಬಡಿದ ಸದ್ದು ಮೇಜಿನ ಹೆಂಗಸಿಗೂ ಕೇಳಿಸಿತು. ಯಜಮಾನರು ಕಾಲು ಹಿಡಿದುಕೊಂಡು ಎದ್ದು ಕೂರಲು ಹೋಗಿ ಮೇಲಿನ ಮಂಚಕ್ಕೆ ತಲೆಯನ್ನೂ ಬಡಿಸಿಕೊಂಡರು. ಸಿಟ್ಟು ಬಂತು. ಈ ಊರಿನವರು ಮೋಸಗಾರರು, ದುಡ್ಡು ಪೂರ್ತಿ ತೆಗೆದುಕೊಂಡು ಹಾಸಿಗೆ ಮೊಟಕು ಕೊಟ್ಟಿದ್ದಾರೆ, ತೂಕದಲ್ಲಿ ಹೊಡೆದ ಹಾಗೆ ಅಳತೆಯಲ್ಲಿ ಹೊಡೆದಿದ್ದಾರೆ, ಅಳೆದು ತೋರಿಸು ಆಯಮ್ಮನಿಗೆ, ಎಂದು ಹೆಂಡತಿಯನ್ನು ಕರೆದರು. ಹತ್ತಿಯಕ್ಕ ಸೊಂಟದ ಚೀಲದಿಂದ ಟೇಪು ತೆಗೆದಳು. ತಲೆಯ ಕಡೆ ಒಂದು ತುದಿ ಹಿಡಿಯಲು ಅವರಿಗೇ ಹೇಳಿ, ಕಾಲಿನ ಕಡೆ ಬಗ್ಗಿ ನೋಡಿದಳು.

"ಆರಡಿ," ಎಂದಳು. "ಸರಿಯಾಗೇ ಇದೆ. ಎಲ್ಲ ಕಡೆ ಇಷ್ಟೇ ರೀ."

"ಎಲ್ಲ ಕಡೆ ಹೆಂಗೆ ಇಷ್ಟೇ? ನಮ್ಮನೇದು?"

ನಿಜ ಹೇಳಬೇಕೆಂದರೆ ಅದು ಹತ್ತಿಯಕ್ಕನಿಗೇ ಮರೆತುಹೋಗಿತ್ತು. ಮದುವೆಯಾದ ಮೊದಲ ತಿಂಗಳಲ್ಲಿ, ಈ ಉದ್ದನೆಯ ಮನುಷ್ಯ ಮಾವನ ಮನೆಯ ಹಾಸಿಗೆಯ ಮೇಲೆ ಮೊಣಕಾಲು ಮಡಚಿಕೊಂಡು ಮಲಗಿದ್ದನ್ನು ನೋಡಿ, ಯಾರಿಗೂ ಹೇಳದೆ ಒಂದು ಹಾಸಿಗೆ ಕತ್ತರಿಸಿದ್ದಳು. ಆಮೇಲೆ ಐದಾರು ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ತುಂಬುವಾಗ ಹಳೆಯ ಗವಸನ್ನೇ ಇಟ್ಟು ಹೊಸದನ್ನು ಕತ್ತರಿಸುತ್ತಿದ್ದಳು. ಮಂಚ ಮಾಡಿಸಿದಾಗಲೂ ಬಡಗಿಗೆ ಹಾಸಿಗೆಯ ಅಳತೆಯನ್ನೇ ಕೊಟ್ಟಿದ್ದಳು. ಅದರಲ್ಲಿ ಹೇಳುವುದೇನಿತ್ತು?

"ನಮ್ಮನೇದು ಒಂಬತ್ತಿಂಚು ಜಾಸ್ತಿ."

"ಯಾಕೆ?"

"ನೀವು ಉದ್ದ ಇದ್ದೀರಲ್ಲ."

ಯಜಮಾನರು ಟೇಪಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಬಿಡಿ, ಸುತ್ತಬೇಕು ಎಂದು ಅವಳು ಎರಡು ಸಲ ಹೇಳಿದ ಮೇಲೆ ಬಿಟ್ಟರು. ಮಗಳ ಮನೆಯ ಮಂಚ ಎಷ್ಟುದ್ದ ಎಂದು ಕೇಳಿದರು. ಆರಡಿ ಎಂದಳು. ಅವರು ಗೋಡೆಯ ಕಡೆ ತಿರುಗಿ ಕೂತರು.

ಅವರಿಗೆ ಸಿಟ್ಟು ಬಂದಿದೆ ಎಂದೇ ಹತ್ತಿಯಕ್ಕ ತಿಳಿದಳು. ಬರಲಿ, ಆದರೆ ನಿದ್ದೆ ಕೆಡಬಾರದು. ಮಂಚದ ಹಾಸಿಗೆಯನ್ನು ಎಳೆದು ನೆಲಕ್ಕೆ ಹಾಕಿದಳು. ತನ್ನ ಹೊದಿಕೆಯೊಳಗೆ ಇಬ್ಬರ ಬಟ್ಟೆಗಳನ್ನೂ ತುರುಕಿ, ನಾಲ್ಕು ಕಡೆ ಮಡಿಸಿ, ದಬ್ಬಣದಿಂದ ಟಾಕು ಹಾಕಿ, ಸರಿಯಾಗಿ ಒಂಬತ್ತಿಂಚಿನ ತುಂಡೊಂದನ್ನು ಮಾಡಿ ಕಾಲಿನ ಕಡೆ ಸೇರಿಸಿದಳು. ಮೇಜಿನ ಹೆಂಗಸು ಬಾಗಿಲಲ್ಲಿ ನಿಂತು ನೋಡಿ, ತನ್ನ ಮೇಜಿಗೆ ಹೋದಳು. ಯಜಮಾನರು ಕಾಲು ನೀಡಿ ಮಲಗಿ, ಹತ್ತೇ ನಿಮಿಷದಲ್ಲಿ ಗೊರಕೆ ಹೊಡೆದರು. ಬೇರೆ ಊರಿನಲ್ಲಿ ಅವರ ಗೊರಕೆಯನ್ನು ಅವಳು ಕೇಳಿದ್ದು ಅದೇ ಮೊದಲು.

ಮುಂದಿನ ಮೂರು ದಿನವನ್ನು ಹತ್ತಿಯಕ್ಕ ಎಣ್ಣೆ ಹಿಂಡಿದ ಹಾಗೆ ಹಿಂಡಿದಳು. ಕಣ್ಣಿನ ಚೀಲವನ್ನು ಮುಟ್ಟುವ ಹಾಗಿಲ್ಲ, ಆದರೆ ಕಣ್ಣಿಗೆ ಬೀಗವಿಲ್ಲವಲ್ಲ. ದುಡ್ಡು ಕೇಳದೆ ಕಾಣುವುದು ಏನೇನಿದೆ ಎಂದು ಹುಡುಕಲು ಶುರುಮಾಡಿದ ಮೇಲೆ ಅವಳಿಗೆ ಕಾಲು ಸಾಲದಾಯಿತು. ಬೆಳಿಗ್ಗೆ ಬಂದರಿನಲ್ಲಿ ಮೀನು ಇಳಿಸುವುದು ನೋಡಿದರು. ದೋಣಿ ಬಂದರೆ ನಡುವೆ ಬಾಯಿಬಿಟ್ಟು ದಾರಿ ಕೊಡುವ ಸೇತುವೆಯನ್ನು ನಾಲ್ಕು ಸಲ ನೋಡಿದರು. ಒಂದು ಚೌಕದಲ್ಲಿ ಮುದುಕರು ಆಳುದ್ದದ ಚದುರಂಗದ ಕಾಯಿಗಳನ್ನು ತಬ್ಬಿಕೊಂಡು ಎತ್ತಿಡುತ್ತಿದ್ದರು. ಅಲ್ಲಿ ಒಂದು ಗಂಟೆ ಕಳೆಯಿತು. ಹೊಟ್ಟೆಯ ಚೀಲಕ್ಕೆ ಹೊರೆಯಾಗದ ಹಾಗೆ ಬೇಕರಿಯ ಹಿಂಬಾಗಿಲಿನಲ್ಲಿ ನಿನ್ನೆಯ ಬ್ರೆಡ್ಡು ಅರ್ಧ ಬೆಲೆಗೆ ಸಿಗುತ್ತದೆ ಎಂಬುದನ್ನು ಅವಳು ಎರಡನೆಯ ದಿನವೇ ಪತ್ತೆ ಹಚ್ಚಿದಳು. ಅದಕ್ಕೆ ಬೇಯಿಸಿದ ಮೊಟ್ಟೆ, ಒಂದು ಸೇಬು. ನದಿಯ ಕಟ್ಟೆಯ ಮೇಲೆ ಕೂತು ತಿನ್ನುವಾಗ, ಇಷ್ಟು ರುಚಿಯ ಊಟ ತಾನು ಮಾಡಿಯೇ ಇಲ್ಲ ಎನಿಸಿತು. ಹೊಟ್ಟೆಗೆ ಇಟ್ಟಿದ್ದರಲ್ಲಿ ಒಂದು ನೋಟು ಉಳಿಯಿತು, ಕಣ್ಣಿಗೆ ಆರಾಯಿತು.

ಒಂದು ಹಾಸಿಗೆ ಅಂಗಡಿಯೂ ಕಣ್ಣಿಗೆ ಬಿತ್ತು. ಗಾಜಿನ ಹಿಂದೆ ಮೂವತ್ತು ಹಾಸಿಗೆಗಳು ಒಂದಕ್ಕೊಂದು ಹೊಂದಿಕೊಂಡು ಕೂತಿದ್ದವು. ಹತ್ತಿಯಕ್ಕ ಒಳಗೆ ಹೋಗಿ ಮೂವತ್ತನ್ನೂ ಅಂಗೈಯಿಂದ ಒತ್ತಿ, ಎಣಿಸಿ, ಎಷ್ಟು ಎಣಿಕೆಗೆ ಏಳುತ್ತದೆ ಎಂದು ನೋಡಿದಳು. ಇಪ್ಪತ್ತೆಂಟು ಪರವಾಗಿಲ್ಲ, ಎರಡು ಬೊಗಳೆ ಎಂಬುದು ಅವಳ ತೀರ್ಪು. ಯಜಮಾನರು ಅಲ್ಲಿ ಒಂದು ವಿಚಿತ್ರ ಕೆಲಸ ಮಾಡಿದರು. ಒಂದೊಂದು ಹಾಸಿಗೆಯ ಪಕ್ಕದಲ್ಲೂ ನಿಂತು, ತಮ್ಮ ಪಾದ ಹೆಜ್ಜೆ ಹೆಜ್ಜೆಯಾಗಿ ಇಟ್ಟು ಉದ್ದ ಅಳೆದರು. ಕಡೆಯದನ್ನೂ ಅಳೆದು, ಏನೂ ಹೇಳದೆ ಹೊರಗೆ ಹೋಗಿ ನಿಂತರು.

ಅವರ ಈ ಮೌನವೇ ಹತ್ತಿಯಕ್ಕನನ್ನು ಕೊರೆಯುತ್ತಿತ್ತು. ಗೆದ್ದವರು ಆಮೇಲೆ ಇನ್ನೊಂದು ಸಲವಾದರೂ ಗಾದೆ ಹೇಳಬೇಡವೇ? ನಾಲ್ಕನೆಯ ದಿನ ಅವಳು ಬೇಕೆಂದೇ ಅವರ ಮುಂದೆ ಹೊಟ್ಟೆಯ ಚೀಲದಿಂದ ತೆಗೆದು ಎರಡು ದುಬಾರಿ ಕಾಫಿ ಕೊಂಡಳು. ಅವರು ಕುಡಿದು, ಚೆನ್ನಾಗಿದೆ ಎಂದರು. ಇದು ಖಂಡಿತ ಮುನಿಸೇ. ಬೆಟ್ಟಕ್ಕೆ ಯಾರು ಹೋಗುವುದು ಎಂಬ ಮಾತು ಮಾತ್ರ ಅವತ್ತು ಸಂಜೆ ಬಂತು. ನೀನು ಹತ್ತು ವರ್ಷ ಕಾದಿದ್ದೀಯ, ನೀನು ಹೋಗು, ನಾನು ಕೆಳಗೆ ಕೂತಿರುತ್ತೇನೆ ಎಂದರು. ಅವಳಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಮೇಲೆ ಹೋಗಿ ಒತ್ತಿ ನೋಡಿ, ಏಳುತ್ತದೆ ಕಣ್ರೀ ಎಂದು ಹೇಳಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅದೆಂಥ ನೋಡುವುದು?

ಐದನೆಯ ದಿನ ಬೆಳಿಗ್ಗೆ ಬಸ್ಸು ಬೆಟ್ಟದ ಬುಡಕ್ಕೆ ತಂದು ಬಿಟ್ಟಿತು. ತಂತಿಗಳು ಆಕಾಶಕ್ಕೆ ಹೋಗಿದ್ದವು. ಕೆಂಪು ಡಬ್ಬಿಗಳು ಒಂದರ ಹಿಂದೊಂದು ತೂಗಾಡುತ್ತ ಮೇಲೇರಿ ಬೆಳಕಿನಲ್ಲಿ ಕರಗುತ್ತಿದ್ದವು. ಹತ್ತಿಯಕ್ಕನ ಮುಖ ನಗುತ್ತಲೇ ಇತ್ತು. ಟಿಕೆಟ್ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಕಣ್ಣಿನ ಚೀಲದ ಗುಂಡಿ ಬಿಚ್ಚಿದಳು. ನಾಲ್ಕು ನೋಟನ್ನು ನಾಲ್ಕು ಸಲ ಎಣಿಸಿದಳು. ಅವಳ ಸರದಿ ಬಂದಾಗ, ಕಿಟಕಿಯವನಿಗೆ ತೋರಿಸಲು ಒಂದು ಬೆರಳು ಎತ್ತಿದಳು.

"ತಡಿ," ಎಂದರು ಯಜಮಾನರು.

ಪಕ್ಕದಲ್ಲೇ ಒಂದು ಬೆಂಚಿತ್ತು. ಅವರು ಅದರ ಮೇಲೆ ಕೂತು, ಸಾಲಿನ ಅಷ್ಟೂ ಜನರ ಮುಂದೆ, ಆ ಉದ್ದನೆಯ ಎಡಗಾಲನ್ನು ಮುಂದಕ್ಕೆ ಚಾಚಿದರು. ಶೂ ತೆಗೆಯಲು ಅವರಿಗೆ ಬಗ್ಗಲಾಗಲಿಲ್ಲ.

"ಇವಳೇ, ಸ್ವಲ್ಪ ಎಳಿ."

"ಆಪತ್ತಿಗೆ ಅಂದಿದ್ರಿ."

"ಎಳಿ ಅಂದೆ."

ಹತ್ತಿಯಕ್ಕ ಮಂಡಿಯೂರಿ ಶೂ ಎಳೆದಳು, ಕಾಲುಚೀಲ ಎಳೆದಳು. ಹಸಿರು ನೋಟು ಐದು ದಿನದ ಬೆವರಿಗೆ ಪಾದದ ಆಕಾರಕ್ಕೆ ಬಗ್ಗಿತ್ತು. ಅವಳಿಗೆ ಆಗ ಗೊತ್ತಾಯಿತು, ಇದು ಮುನಿಸಾಗಿರಲಿಲ್ಲ. ಸಾಲಿನಲ್ಲಿದ್ದವರು ಏನು ತಿಳಿದರೋ, ಒಬ್ಬ ಮುದುಕಿ ಚಪ್ಪಾಳೆ ತಟ್ಟಿದಳು. ಕಿಟಕಿಯವನು ನೋಟನ್ನು ಎರಡು ಬೆರಳಿನಲ್ಲಿ ಹಿಡಿದು, ಮೂಗು ಸೊಟ್ಟಗೆ ಮಾಡಿ, ಒಂದು ಕೆಂಪು ನೋಟು ಚಿಲ್ಲರೆ ಕೊಟ್ಟ. ಹತ್ತಿಯಕ್ಕ ಎರಡು ಬೆರಳು ಎತ್ತಿ ತೋರಿಸಿದಳು, ಅಗತ್ಯವಿಲ್ಲದಿದ್ದರೂ.

ಡಬ್ಬಿ ನೆಲ ಬಿಟ್ಟಾಗ ಅವಳು ಅವರ ತೋಳು ಹಿಡಿದುಕೊಂಡಳು. ಮನೆಗಳು ಸಣ್ಣಗಾದವು, ಮರಗಳು ಮುಗಿದವು, ಆಮೇಲೆ ಬಣ್ಣಗಳೇ ಮುಗಿದವು. ಬಾಗಿಲು ತೆರೆದ ಕೂಡಲೇ ಚಳಿ ಮುಖಕ್ಕೆ ಬಡಿಯಿತು. ಎಲ್ಲರೂ ಫೋಟೊ ತೆಗೆಯಲು ಕಟಕಟೆಯ ಕಡೆ ಓಡಿದರೆ, ಹತ್ತಿಯಕ್ಕ ನಾಲ್ಕು ಹೆಜ್ಜೆ ನಡೆದು, ಯಾರೂ ತುಳಿಯದ ಜಾಗ ನೋಡಿ ಕೂತು, ಕೈಗವಸು ಕಳಚಿ, ಅಂಗೈ ಊರಿದಳು. ಒತ್ತಿದಳು. ಒಂದು, ಎರಡು, ಮೂರು ಎಂದು ಎಣಿಸುತ್ತ ಕೈ ತೆಗೆದಳು. ಇಪ್ಪತ್ತರವರೆಗೂ ಎಣಿಸಿದಳು. ಅವಳ ಅಂಗೈ, ಐದು ಬೆರಳಿನ ಸಮೇತ, ಹಾಗೇ ಅಲ್ಲೇ ಉಳಿದಿತ್ತು.

"ಏಳಲ್ಲ ರೀ," ಎಂದಳು ಹತ್ತಿಯಕ್ಕ. ನಗು ಉಕ್ಕಿ ಬಂದು ಕಣ್ಣಲ್ಲಿ ನೀರು ಬಂತು. "ಹತ್ತು ವರ್ಷ! ಇದಕ್ಕಿಂತ ನನ್ನ ಹತ್ತಿನೇ ವಾಸಿ."

ತಿರುಗಿ ನೋಡಿದರೆ ಯಜಮಾನರು ಕೋಟಿನ ಗುಂಡಿ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು, ಜೋಪಾನವಾಗಿ ಹಿಮದ ಮೇಲೆ ಅಂಗಾತ ಮಲಗುತ್ತಿದ್ದರು. ಮೊಣಕಾಲು ಇನ್ನೂ ಮಡಚಿಯೇ ಇತ್ತು. ಆಕಾಶ ನೋಡುತ್ತ ಅವರು ಕೇಳಿದರು:

"ಇವಳೇ, ಇದು ಎಷ್ಟುದ್ದ ಇದೆ?"

ಹತ್ತಿಯಕ್ಕನ ಕೈ ಅಭ್ಯಾಸಬಲದಿಂದ ಟೇಪಿಗೆ ಹೋಯಿತು. ಅವಳು ಅವರ ಕಾಲಿನ ಕಡೆಯಿಂದ ಆಚೆಗೆ ನೋಡಿದಳು. ಬೆಳ್ಳನೆಯದು ಇಳಿದು, ಮತ್ತೆ ಏರಿ, ಇನ್ನೊಂದು ಬೆಟ್ಟವಾಗಿ, ಅದರಾಚೆ ಮತ್ತೊಂದಾಗಿ ಹೋಗಿತ್ತು. ಟೇಪನ್ನು ವಾಪಸ್ಸು ಚೀಲಕ್ಕೆ ಹಾಕಿದಳು.

"ಚಾಚಿ," ಎಂದಳು.

ಅವರು ಚಾಚಿದರು.